ಎದೆಯ ಅಳತೆ

"ಫ್ಲ್ಯಾಟ್ ಅಳದಂಗ ಆತು! ಒಬ್ಬಾಂವ ಗ್ವಾಡಿ ಸೇರಿಸಿ ಬಿಲ್ಟ್-ಅಪ್ ಅಳದಾನ, ಇನ್ನೊಬ್ಬಾಂವ ಗ್ವಾಡಿ ಬಿಟ್ಟು ಕಾರ್ಪೆಟ್!"

ಅತ್ತೆ, ಡಾಕ್ಟರರ ಮೇಲೆ ನಿಮ್ಮ ಮಗನ ತಮಾಷೆ ಇದು. ನಮ್ಮವರ ಹೃದಯದ ಸ್ಕ್ಯಾನ್ ನೋಡಿ ಮೊದಲಿನ ಡಾಕ್ಟರು, ರಕ್ತನಾಳ ಮುಕ್ಕಾಲು ಮುಚ್ಚಿದೆ, ನಾಳೆಯೇ ಸ್ಟೆಂಟ್ ಹಾಕೋಣ ಎಂದಿದ್ದರಲ್ಲ. ಅದೇ ಸ್ಕ್ಯಾನ್ ನೋಡಿ ಇವತ್ತಿನವರು ಅರ್ಧವೂ ಮುಚ್ಚಿಲ್ಲ ಎಂದರು. ಆಮೇಲೆ ಇಬ್ಬರೂ ಕೂಡಿ ಮತ್ತೆ ನೋಡಿ, ಸದ್ಯ ಗುಳಿಗೆ ಸಾಕು ಎಂದು ಒಪ್ಪಿದರು. ಸ್ಟೆಂಟ್ ಬೇಡವಂತೆ, ಅತ್ತೆ, ಬೇಡವಂತೆ!

ಮಲಗಿದ್ದಿರಿ, ಎಬ್ಬಿಸಲು ಮನಸ್ಸಾಗಲಿಲ್ಲ. ಆಸ್ಪತ್ರೆಗೆ ಕಟ್ಟಿದ ಚೀಲ ಬಿಚ್ಚಿಡಿ. ಉಪ್ಪಿನಕಾಯಿ ಭರಣಿ ಬಚ್ಚಿಡಿ, ಮಗ ಎಷ್ಟು ಗೋಗರೆದರೂ ಕೊಡಬೇಡಿ. ಗುಳಿಗೆ ತರಲು ಘಾಟ್ಕೋಪರ್ ಸ್ಟೇಷನ್ನಿನವರೆಗೆ ನಡೆದೇ ಹೋಗುತ್ತೇವೆ.

"ಶೈಲಾ, ಲಗೂನ ಬಾ!" ಎಂದು ಕೂಗುತ್ತಿದ್ದಾರೆ. "ಚೀಟಿ ಬರಿಯಾಕತ್ತೀನ್ರಿ, ತಡೀರಿ," ಎಂದೆ.

ಅಯ್ಯೋ, ನನ್ನ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದೇಬಿಟ್ಟರು!