ಹೆಸರಿಲ್ಲದ ವರ್ಷ

ಅಕ್ಟೋಬರ್ ತಿಂಗಳ ನಡುದಿನ. ವರ್ಷ ಯಾವುದೆಂದು ಬರೆಯಲಿ?

ಅಮ್ಮನ ಸಮಾಧಿಗೆ ಕಲ್ಲು ಕೆತ್ತುತ್ತಿರುವ ಉರ್ಸಸ್ ಇವತ್ತೂ ಅದನ್ನೇ ಕೇಳಿ ತಲೆ ತಿಂದ. ವರ್ಷವರ್ಷವೂ ಬದಲಾಗುವ ಕಾನ್ಸುಲ್ ಪದವಿ ಈ ಸಲ ಯಾರಿಗೆಂದು ರೋಮಿನಿಂದ ತಿಳಿಸಿದರೆ ತಾನೆ ವರ್ಷಕ್ಕೆ ಅವನ ಹೆಸರಿಡುವುದು? ಡಾನ್ಯೂಬ್ ದಡದ ನಮ್ಮ ಊರಿಗೆ ಓಲೆಕಾರ ಬಂದು ಆರು ವರ್ಷವಾಯಿತು.

“ಕೊನೇ ಕಾನ್ಸುಲ್ ಆದ್ಮೇಲೆ ಆರನೇ ವರ್ಷ ಅಂತ ಕೆತ್ತು” ಅಂದೆ.

“ನಿಮ್ಮಮ್ಮನ ಕಲ್ಲಲ್ಲಿ ಅವನ ಹೆಸರು ಯಾಕಣ್ಣಾ? ಅವನೇನು ಮಣ್ಣಿಗೆ ಬಂದಿದ್ನಾ?”

ಸಿಟ್ಟು ಬಂತು, ಆದರೆ ಅವನು ಹೇಳಿದ್ದು ನಿಜ. ಅಮ್ಮನ ಹೆಸರು, ತಿಂಗಳು, ದಿನ ಇಷ್ಟೇ ಸಾಕೆಂದು ಹೇಳಿ ಬಂದೆ. ರೋಮಿಗೆ ಕಾದಿದ್ದು ಸಾಕು.

ಇದು ಅಮ್ಮ ಹೋದ ವರ್ಷ. ಮುಂದಿನದು, ಅಮ್ಮ ಹೋದಮೇಲೆ ಮೊದಲನೆಯದು.