ಎರಡು ಬಾಲದ ನಾಯಿ ಮತ್ತು ಬೀಗ ಹಾಕಿದ ಬೀರು

ಶಿಶುಪಾಲನಾ ಕೇಂದ್ರಗಳ ಮೇಲೆ ಅಧಿಕಾರ ನಡೆಸುವ ಮಾನ್ಯರೇ,

ನಮ್ಮ ಹೊಲಿಗೆ ಕಾರ್ಖಾನೆಯ ಶಿಶುಪಾಲನಾ ಕೇಂದ್ರಕ್ಕೆ ನೀವು ಕೊಡುತ್ತೇವೆ ಎಂದದ್ದು: ಅರವತ್ತು ಚಿತ್ರಪುಸ್ತಕ, ಕೂತು ಓದಲು ಚಾಪೆ, ತಾಯಂದಿರು ಮಕ್ಕಳಿಗೆ ಓದಿ ಹೇಳಲು ದಿನಕ್ಕೆ ಅರ್ಧ ಗಂಟೆ ಬಿಡುವು. ಬಂದದ್ದು: ಗಾಜಿನ ಬೀರು, ಒಳಗೆ ಅರವತ್ತು ಪುಸ್ತಕ, ಹೊರಗೆ ಒಂದು ಬೀಗ. ಬೀಗದ ಕೈ ನಿಮ್ಮ ಕಚೇರಿಯಲ್ಲಿದೆ. ಚಾಪೆ ಬರಲೇ ಇಲ್ಲ. ಅರ್ಧ ಗಂಟೆ ಗೋಡೆಯ ವೇಳಾಪಟ್ಟಿಯಲ್ಲಿ ಚೆಂದವಾಗಿ ಅಚ್ಚಾಗಿದೆ, ಗೋಡೆಯಿಂದ ಕೆಳಗಿಳಿದಿಲ್ಲ.

ಕೇಳಿದ್ದಕ್ಕೆ ನಿಮ್ಮ ಲಿಖಿತ ಉತ್ತರ: "ಮಕ್ಕಳು ಪುಸ್ತಕಗಳನ್ನು ಬಾಯಿಗೆ ಹಾಕಿಕೊಂಡು ಹಾಳುಗೆಡವುವ ಸಂಭವವಿದೆ." ಸಂಭವ ಏನು ಬಂತು ಸ್ವಾಮಿ, ಖಂಡಿತ ಕಚ್ಚುತ್ತವೆ! ಎಂಟು ತಿಂಗಳ ಕೂಸು ಲೋಕವನ್ನು ಮೊದಲು ನೋಡುವುದೇ ಬಾಯಿಂದ. ಕಚ್ಚಿದ ಮೇಲೆ ತಿರುಗಿಸುತ್ತದೆ, ತಿರುಗಿಸಿದ ಮೇಲೆ ಚಿತ್ರಕ್ಕೆ ಬೆರಳಿಡುತ್ತದೆ, ಬೆರಳಿಟ್ಟ ಮೇಲೆ ನಮ್ಮ ಮುಖ ನೋಡುತ್ತದೆ. ಮಾತು ಹುಟ್ಟುವುದು ಆಗ. ಯಾರೂ ಮುಟ್ಟದ ಪುಸ್ತಕ ಕ್ಷೇಮವಾಗಿರುತ್ತದೆ, ನಿಜ. ಹಾಗಾದರೆ ಮಕ್ಕಳನ್ನೂ ಬೀರುವಿನಲ್ಲೇ ಇಡೋಣವೇ?

ನನ್ನ ಮಗಳ ವಿಷಯ ಹೇಳುತ್ತೇನೆ. ಇಪ್ಪತ್ತೆರಡು ತಿಂಗಳಾದರೂ ಅವಳ ಬಾಯಲ್ಲಿ "ಬಾ" ಬಿಟ್ಟು ಬೇರೆ ಮಾತಿರಲಿಲ್ಲ. ಲಸಿಕೆ ಹಾಕುವ ನರ್ಸಮ್ಮ ಕೇಳಿದರು: "ದಿನಾ ಮಗೂ ಜೊತೆ ಏನು ಮಾತಾಡ್ತೀಯಮ್ಮಾ?" ಯೋಚಿಸಿ ನೋಡಿದೆ. ಬೇಗ ಏಳು, ಬೇಗ ತಿನ್ನು, ಅಳಬೇಡ, ಮಲಗು. ಮೇಲ್ವಿಚಾರಕ ನನ್ನೊಡನೆ ಆಡುವ ಮಾತೂ ಹೆಚ್ಚುಕಡಿಮೆ ಇಂಥದ್ದೇ. "ತೊಡೆ ಮೇಲೆ ಕೂರಿಸ್ಕೊಂಡು ಚಿತ್ರ ತೋರ್ಸು, ಓದಿ ಹೇಳು. ಮೂರು ತಿಂಗಳು ನೋಡೋಣ. ಆಗ್ಲೂ ಮಾತು ಬರ್ಲಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ" ಎಂದರು.

ಬೀರುವಿಗೆ ಬೀಗ. ಹಾಗಾಗಿ ನಾವು ಐವರು ಊಟದ ಬಿಡುವಿನಲ್ಲಿ, ಬಿಸಾಡಿದ ಬಟ್ಟೆಚೂರುಗಳಿಂದ ಎಂಟು ಪುಟದ ಪುಸ್ತಕ ಹೊಲಿದೆವು. ಕಾರ್ಖಾನೆಯ ಅಭ್ಯಾಸ ನೋಡಿ, ಕೊನೆಯ ಪುಟದ ನಾಯಿಯನ್ನೂ ಹಂಚಿಕೊಂಡೇ ಹೊಲಿದೆವು: ಕಾಲರ್ ಹೊಲಿಯುವ ನನ್ನದು ತಲೆ, ಒಬ್ಬಳದು ಮೈ, ಒಬ್ಬಳದು ಕಾಲು. ಉಳಿದಿಬ್ಬರು ತೋಳು ಹೊಲಿಯುವವರು. ಅಂಗಿಗೆ ಎಡಕ್ಕೊಂದು ಬಲಕ್ಕೊಂದು ಕೊಟ್ಟು ರೂಢಿ. ಬಾಲ ಅವರ ಪಾಲಿಗೆ ಬಂದಾಗ ಆಳಿಗೊಂದು ಹೊಲಿದರು. ನಾಯಿಗೆ ಎರಡೂ ಕೂತವು.

ನಾಲ್ಕು ತುತ್ತಿಗೆ ಊಟ ಮುಗಿಸಿ ದಿನಾ ಓದಿದೆ. ಹತ್ತನೆಯ ದಿನ ಮಗಳು ಒಂದು ಬಾಲ ಹಿಡಿದಳು, ನನ್ನ ಮುಖ ನೋಡಿದಳು, ಮತ್ತೆ ಆಚೆ ಬದಿಯ ಬಾಲ ಹಿಡಿದು, "ಇನ್ನೊಂದು!" ಎಂದಳು.

ಮರುವಾರ ನಿಮ್ಮ ತನಿಖಾಧಿಕಾರಿ ಬಂದರು.

"ಏನ್ರೀ ಇದು, ನಾಯಿಗೆ ಎರಡು ಬಾಲ? ಮಕ್ಕಳಿಗೆ ತಪ್ಪು ಕಲಿಸ್ತೀರಾ?"

"ನಿಮ್ಮಂಥೋರ ಮುಂದೆ ಅಲ್ಲಾಡ್ಸೋಕೆ ಒಂದು ಸಾಲಲ್ಲ ಸಾರ್," ಎಂದಳು ಕಾಲು ಹೊಲಿದ ಅಕ್ಕ.

ಪುಸ್ತಕ ಜಪ್ತಿಯಾಯಿತು. ಕಾರಣ: ಅನುಮೋದನೆಯಿಲ್ಲದ, ದಾರಿತಪ್ಪಿಸುವ ಕಲಿಕಾ ಸಾಮಗ್ರಿ. ಮೂರು ವಾರದಿಂದ ಅದು ನಿಮ್ಮ ಮೇಜಿನ ಮೇಲೆ "ಪರಿಶೀಲನೆಯಲ್ಲಿದೆ". ಎಂಟು ಪುಟ, ಒಂದಕ್ಷರವೂ ಇಲ್ಲ; ಇಷ್ಟು ದಿನ ಅದರಲ್ಲಿ ಏನು ಓದುತ್ತಿದ್ದೀರಿ?

ನರ್ಸಮ್ಮ ಕೊಟ್ಟ ಮೂರು ತಿಂಗಳಲ್ಲಿ ಅರ್ಧ ಕಳೆದಿದೆ. ಮಗಳು ಮತ್ತೆ "ಬಾ" ಒಂದಕ್ಕೇ ಮರಳಿದ್ದಾಳೆ. ನಿಮ್ಮ ಕಡತ ಹತ್ತು ವರ್ಷ ಬಿಟ್ಟರೂ ಕಡತವಾಗಿಯೇ ಇರುತ್ತದೆ. ಮಗು ನಿಮಗಾಗಿ ಎರಡನೇ ವರ್ಷದಲ್ಲೇ ನಿಂತು ಕಾಯುತ್ತದೆಯೇ? ಈಗಲೇ ಅಕ್ಷರ ಕಲಿಸಬೇಕೆಂಬ ಹಟ ನಮಗಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಗೋಡೆಯ ಮೇಲಿನ ನಿಮ್ಮ ವೇಳಾಪಟ್ಟಿಯನ್ನೂ ತಡವರಿಸಿಯೇ ಓದುತ್ತೇನೆ. ಮಗು ಅದಕ್ಕೆ ನಗುವುದಿಲ್ಲ. ಮತ್ತೆ ಹೇಳು ಅಂತ ಅದೇ ಪುಟ ತಿರುಗಿಸಿ ಕೊಡುತ್ತದೆ. ನನ್ನ ದನಿ ಮತ್ತೆ ಬೇಕು ಎಂದು ಈ ಲೋಕದಲ್ಲಿ ಕೇಳಿದ್ದು ಅದೊಂದೇ ಜೀವ.

ಬೀಗದ ಕೈ ಕೇಂದ್ರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾಳ ಕೈಗೆ ಬರಬೇಕು. ಅರ್ಧ ಗಂಟೆ ಕೆಲಸದ ಹೊತ್ತಿನಲ್ಲೇ ಸಿಗಬೇಕು. ನಾವು ಹೊಲಿದ ಪುಸ್ತಕ ವಾಪಸಾಗಬೇಕು. ಮನವಿ ಮೂರು ಕೊಟ್ಟಾಯಿತು, ಇದು ಮನವಿಯಲ್ಲ. ಕೂತು ಮಾತಾಡೋಣ ಎಂದು ಎರಡು ಸಲ ದಿನ ಕೊಟ್ಟು ನೀವೇ ಬರಲಿಲ್ಲ. ಈ ಸಲ ದಿನ ನಾವೇ ಗೊತ್ತುಮಾಡಿದ್ದೇವೆ. ಹನ್ನೊಂದು ಮಂದಿ ತಾಯಂದಿರು, ಹನ್ನೆರಡು ಮಕ್ಕಳು ಬರುತ್ತೇವೆ; ನೀವು ಇರಬೇಕು. ನಿಮ್ಮದೇ ಕೋಣೆ. ಬರುವ ಬುಧವಾರ, ಬೆಳಗ್ಗೆ ಹತ್ತೂವರೆ.

ಇಂತಿ,
ಮಗಳೊಡನೆ ಕಳೆಯಬೇಕಿದ್ದ ವಾರದ ರಜೆಯನ್ನು ನಿಮಗೆ ಕಾಗದ ಬರೆಯುತ್ತ ಕಳೆದ,
ಕಾಲರ್ ವಿಭಾಗದ ಒಬ್ಬ ತಾಯಿ