ಇಬ್ಬರಿಗೊಂದೇ ಕೋಟು

ಮುದ್ದು ನಾದಿನೀ,

ತಲುಪಿದ್ವಿ ಕಣೆ! ನೀನೂ ಸೇರಿ ನಾವು ಮೂವರೂ ಕಟಿಂಗ್ ಮೇಜಿನ ಮೇಲೆ ಭೂಪಟ ಹರಡಿಕೊಂಡು, ಜನ ಮುಗಿಬೀಳದ ಊರೇ ಬೇಕು ಅಂತ ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣದಲ್ಲೇ ಸುತ್ತು ಹಾಕಿದ್ವಲ್ಲ, ಆ ಉತ್ತರದ ತುದಿಯ ಊರಲ್ಲಿದ್ದೀವಿ. ರಸ್ತೆಯ ಎರಡೂ ಬದಿಗೆ ನನ್ನೆತ್ತರ ಹಿಮ, ನಡುವೆ ನಾವಿಬ್ಬರೇ!

ಆದರೆ ನಿಮ್ಮಣ್ಣನ ಘನಂದಾರಿ ಕೆಲಸ ಕೇಳು. ಊರಿನವರ ಅಳತೆಯೆಲ್ಲ ಬಾಯಿಪಾಠ ಇರೋ ಟೈಲರು, ನಮ್ಮ ಕೋಟುಗಳನ್ನ ಬೇಸಿಗೆಯ ತೆಳು ಬಟ್ಟೆ ಮೇಲೆ ಅಳೆದು ಹೊಲಿದಿದ್ದಾರೆ! ಇಲ್ಲಿ ಎರಡೆರಡು ಸ್ವೆಟರ್ ಹಾಕಿದ ಮೇಲೆ ಒಂದು ಗುಂಡಿಯೂ ಕೂಡಲಿಲ್ಲ. ನಕ್ಕೂ ನಕ್ಕೂ ನನಗೆ ಹೊಟ್ಟೆ ಹುಣ್ಣಾಯ್ತು. ಅವರು ಸೂಜಿದಾರ ತೆಗೆದು, ಎರಡೂ ಕೋಟಿನ ಒಂದೊಂದು ಪಕ್ಕ ಬಿಚ್ಚಿ, ಸೇರಿಸಿ, ಇಬ್ಬರಿಗೂ ಒಂದೇ ಕೋಟು ಮಾಡಿಬಿಟ್ರು. ಅವರ ಎಡಗೈ, ನನ್ನ ಬಲಗೈ ಒಳಗೇ ಸಿಕ್ಕಿಕೊಂಡಿವೆ. ಅಂಚೆ ಕಚೇರಿಯಲ್ಲಿ ನಿಂತು ಇದನ್ನ ಎಡಗೈಲಿ ಗೀಚ್ತಿದ್ದೀನಿ, ಆಡ್ಕೋಬೇಡ.

ಹತ್ತೊಂಬತ್ತು ವರ್ಷ ಬೀದಿಯಲ್ಲಿ ನನಗಿಂತ ಹತ್ತು ಹೆಜ್ಜೆ ಮುಂದೆ ಓಡಿದ ಮನುಷ್ಯ, ಈಗ ನನ್ನ ಹೆಜ್ಜೆಗೆ ಹೆಜ್ಜೆ ಕೂಡಿಸ್ತಿದ್ದಾರೆ!

ಅವರಿಗೆ ಸ್ವಲ್ಪ ನೆಗಡಿ, ಜ್ವರ ಇಲ್ಲ. ಗಿರಾಕಿಗಳು ಬಂದ್ರೆ ಸೋಮವಾರ ಬನ್ನಿ ಅನ್ನು.

ಈಗಷ್ಟೇ ಇಲ್ಲಿಯ ಅಂಚೆಯಮ್ಮ ನಮ್ಮನ್ನ ನೋಡಿ ಅಯ್ಯೋ ಪಾಪ ಅಂದುಕೊಂಡು, ತನ್ನ ಗಂಡನ ದಪ್ಪ ಕೋಟು ತಂದು ಚಾಚಿದ್ಲು. ಎಲ್ಲಿ ನಮ್ಮ ಜೋಡಿ ಕೋಟು ಬಿಚ್ಚಿ ಅದನ್ನ ಹಾಕ್ಕೊಂಡುಬಿಡ್ತಾರೋ ಅಂದ್ಕೊಂಡೆ. ನಿಮ್ಮಣ್ಣ ಅದನ್ನ ಒಂದೇ ನೋಟದಲ್ಲಿ ಅಳೆದು, “ನನಗೆ ಬಿಗಿ” ಅಂತ ವಾಪಸ್ ಕೊಟ್ರು. ಅದರೊಳಗೆ ಅವರಂಥ ಇಬ್ಬರು ಹಿಡೀತಿದ್ರು ಕಣೆ!

ಅವರು ಹೊರಟ್ರು, ಅಂದ್ಮೇಲೆ ನಾನೂ ಹೊರಟೆ.

ನಿನ್ನ ಅತ್ತಿಗೆ